ಆಕ್ಸಿಜನ್ ಟ್ಯಾಂಕ್ ರಾತ್ರಿ ಹೊತ್ತು ಯಾಕೆ ಬುಸುಗುಟ್ಟುತ್ತೆ?

ಹಿಂದಿನ ಸಂಚಿಕೆಯಲ್ಲಿ ದ್ರವ ಸಾರಜನಕದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಕಾಗದಗಳನ್ನು ನೋಡಿ ಸಂಪಾದಕರು "ಈ ಸಲ ಅಂಕಣ ಪೂರ್ತಿ ಇದಕ್ಕೇ ಇರಲಿ" ಅಂದರು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ರಿಲೀಫ್ ವಾಲ್ವ್‌ಗಳ (ಒತ್ತಡ ಮೀರಿದರೆ ತಾನೇ ತೆರೆದುಕೊಳ್ಳುವ ವಾಲ್ವ್) ಟೆಸ್ಟ್ ಬೆಂಚ್ ನನ್ನ ಸುಪರ್ದಿಯಲ್ಲಿತ್ತು. ಈಗ ನಾಪೋಕ್ಲು ಹತ್ತಿರ ತೋಟ ನೋಡಿಕೊಂಡಿದ್ದೇನೆ. ಕಾಫಿ ಬಗ್ಗೆ ಕೇಳಿದರೆ ಪಕ್ಕದ ತೋಟದವರ ಕಡೆ ಕೈ ತೋರಿಸುತ್ತೇನೆ. ವಾಲ್ವ್ ಬಗ್ಗೆ ಕೇಳಿದರೆ ಮಾತ್ರ ನನ್ನ ಬಾಯಿ ಮುಚ್ಚಿಸುವುದು ಕಷ್ಟ. ನಮ್ಮ ಮನೆಯವರನ್ನು ಕೇಳಿ ಬೇಕಾದರೆ.

ಪ್ರಶ್ನೆ: ನಮ್ಮ ಆಸ್ಪತ್ರೆಯ ಹಿಂದೆ ದ್ರವ ಆಕ್ಸಿಜನ್‌ನ ಬಿಳಿ ಟ್ಯಾಂಕ್ ಇದೆ ಮೇಡಂ. ಕೆಲವು ರಾತ್ರಿ ಇದ್ದಕ್ಕಿದ್ದ ಹಾಗೆ ಬುಸ್ ಅಂತ ಶಬ್ದ, ಜೊತೆಗೆ ಬಿಳಿ ಹೊಗೆ. ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತದೆ. ಲೀಕ್ ಆಗಿದೆಯಾ? (ಶುಶ್ರೂಷಕಿ, ವಿರಾಜಪೇಟೆ)

ತಾನೇ ನಿಂತರೆ ಹೆದರಬೇಡಿ. ನಿಲ್ಲದಿದ್ದರೆ ಫೋನ್ ಮಾಡಿ.

ಆ ಟ್ಯಾಂಕ್‌ಗೆ ಎರಡು ಚಿಪ್ಪು. ನಡುವೆ ಶಾಖ ತಡೆಯುವ ಪರ್ಲೈಟ್ ಪುಡಿ ತುಂಬಿ ಗಾಳಿ ಎಳೆದು ತೆಗೆದಿರುತ್ತಾರೆ. ಒಳಗಿನ ದ್ರವ ಮೈನಸ್ 183 ಡಿಗ್ರಿ, ಹೊರಗೆ ನಮ್ಮ ವಿರಾಜಪೇಟೆಯ ಹವೆ. ಎಷ್ಟೇ ಚೆನ್ನಾಗಿ ಮುಚ್ಚಿದರೂ ಸ್ವಲ್ಪ ಬಿಸಿ ಒಳಗೆ ನುಸುಳಿಯೇ ನುಸುಳುತ್ತೆ, ದ್ರವ ಆವಿಯಾಗುತ್ತಲೇ ಇರುತ್ತೆ. ವಾರ್ಡಿನಲ್ಲಿ ಆಕ್ಸಿಜನ್ ಖರ್ಚಾಗುತ್ತಿದ್ದರೆ ಆ ಆವಿಗೆ ದಾರಿ ಇದೆ. ರೋಗಿಗಳು ಕಡಿಮೆ ಇದ್ದ ರಾತ್ರಿ ಅದು ಒಳಗೇ ಕೂತು ಒತ್ತಡ ಏರಿಸುತ್ತೆ. ಒಂದು ಲೀಟರ್ ದ್ರವ ಆಕ್ಸಿಜನ್ ಅನಿಲವಾಗಿ ಹೊರಗಿನ ಬಿಸಿಗೆ ಬಂದರೆ ಸುಮಾರು 860 ಲೀಟರ್ ಆಗುತ್ತೆ. ಅಷ್ಟಕ್ಕೆ ಒಳಗೆ ಜಾಗ ಇಲ್ಲ. ಗೊತ್ತು ಮಾಡಿದ ಒತ್ತಡ ಮುಟ್ಟಿದ ಕೂಡಲೇ ರಿಲೀಫ್ ವಾಲ್ವ್ ತೆರೆದು ಸ್ವಲ್ಪ ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತೆ. ನೀವು ಕೇಳಿದ್ದು ಅದು ತನ್ನ ಕೆಲಸ ಮಾಡಿದ ಸದ್ದು.

ಬಿಳಿ ಹೊಗೆ ಆಕ್ಸಿಜನ್ ಅಲ್ಲ. ಆಕ್ಸಿಜನ್‌ಗೆ ಬಣ್ಣ ಇಲ್ಲ. ಗಾಳಿಯಲ್ಲಿರುವ ತೇವ ತಣ್ಣಗಾಗಿ ಮಂಜಾಗಿದ್ದು ಅದು. ಜುಲೈ ತಿಂಗಳ ಕೊಡಗಿನ ಗಾಳಿಯನ್ನು ಹಿಂಡಿದರೆ ನೀರು ಬರುತ್ತೆ ಅಲ್ವಾ, ಅದಕ್ಕೇ ನಿಮ್ಮಲ್ಲಿ ಚೂರು ಅನಿಲ ಬಂದರೂ ಹೊಗೆ ಜಾಸ್ತಿ ಕಾಣುತ್ತೆ. ಆದರೆ ಆ ಮಂಜಿನೊಳಗೆ ಆಕ್ಸಿಜನ್ ದಟ್ಟವಾಗಿರುತ್ತೆ. ತಣ್ಣಗಿರುವ ಅನಿಲ ಭಾರ, ನೆಲಕ್ಕೇ ಇಳಿಯುತ್ತೆ. ಅಲ್ಲಿ ಬೀಡಿ, ಸಿಗರೇಟು, ಗಣಪತಿಯ ಊದುಬತ್ತಿ ಯಾವುದೂ ಬೇಡ. ಮಂಜಿನ ಮಧ್ಯೆ ನಿಂತು ಬಂದವರು ಕಾಲು ಗಂಟೆಯಾದರೂ ಬಯಲಿನಲ್ಲಿದ್ದು ಆಮೇಲೆ ಒಲೆ ಹತ್ತಿರ ಹೋಗಬೇಕು. ಬಟ್ಟೆಯಲ್ಲಿ ಆಕ್ಸಿಜನ್ ಸಿಕ್ಕಿಕೊಂಡಿರುತ್ತೆ.

ನಿಲ್ಲದೆ ಬುಸುಗುಟ್ಟುತ್ತಿದ್ದರೆ ದೂರದಿಂದಲೇ ಪ್ರೆಶರ್ ಗೇಜ್ ನೋಡಿ. ಮುಳ್ಳು ವಾಲ್ವಿನ ಮೇಲೆ ಬರೆದ ಒತ್ತಡಕ್ಕಿಂತ ಸಾಕಷ್ಟು ಕೆಳಗಿದ್ದೂ ಸದ್ದು ಬರುತ್ತಿದ್ದರೆ ವಾಲ್ವ್ ಪೂರ್ತಿ ಕೂತಿಲ್ಲ. ಸೀಟಿನ ಮೇಲೆ, ಅಂದರೆ ವಾಲ್ವ್ ಮುಚ್ಚಿ ಕೂರುವ ಜಾಗದಲ್ಲಿ, ಕಸವೋ ಐಸೋ ಸಿಕ್ಕಿಕೊಂಡಿದೆ. ಮುಳ್ಳು ಆ ಒತ್ತಡಕ್ಕಿಂತ ಮೇಲೆ ಹೋಗಿ ಇಳಿಯದೆ ನಿಂತಿದ್ದರೆ ಅದು ಇನ್ನೂ ಕೆಟ್ಟದ್ದು. ಎರಡಕ್ಕೂ ಟ್ಯಾಂಕ್ ತುಂಬುವ ಕಂಪನಿಯವರೇ ಬರಬೇಕು. ಸುತ್ತಿಗೆಯಿಂದ ತಟ್ಟುವುದು, ಬಿಸಿನೀರು ಹೊಯ್ಯುವುದು, ತಂತಿ ಕಟ್ಟುವುದು ಯಾವುದನ್ನೂ ಮಾಡಬೇಡಿ. ಮುಖ್ಯವಾಗಿ ಎಣ್ಣೆ. ನಮ್ಮೂರಲ್ಲಿ ಮಳೆಗಾಲಕ್ಕೆ ಮುಂಚೆ ಕೀಲು, ಕೊಂಡಿ, ಬೀಗ ಕಂಡಲ್ಲೆಲ್ಲ ಎಣ್ಣೆ ಬಿಡುವ ಅಭ್ಯಾಸ ಇದೆ. ಆಕ್ಸಿಜನ್ ವಾಲ್ವಿಗೆ ಎಣ್ಣೆ, ಗ್ರೀಸ್ ತಾಗಿಸಿದರೆ ಬೆಂಕಿ ಹತ್ತಬಹುದು. ಹೊಸ ವಾರ್ಡ್‌ಬಾಯ್ ಬಂದಾಗಲೆಲ್ಲ ಇದೊಂದು ಮಾತು ಹೇಳಿಬಿಡಿ.

ಪ್ರಶ್ನೆ: ಇದು ಕುಕ್ಕರ್ ವೆಯಿಟ್ ಥರಾನೇ ಅಲ್ವಾ? ಇದರಲ್ಲಿ ಡಿಸೈನ್ ಮಾಡೋಕೆ ಏನಿದೆ? (ಗೃಹಿಣಿ, ಸುಂಟಿಕೊಪ್ಪ)

ತತ್ವ ಅದೇ. ಕುಕ್ಕರ್‌ನಲ್ಲಿ ವೆಯಿಟ್ ಕೈಕೊಟ್ಟರೆ ಪಕ್ಕದ ಸೇಫ್ಟಿ ಪ್ಲಗ್ ಕರಗಿ ದಾರಿ ಬಿಡುತ್ತೆ. ಇಲ್ಲಿ ಆ ಜಾಗದಲ್ಲಿ ಬರ್ಸ್ಟಿಂಗ್ ಡಿಸ್ಕ್ ಇರುತ್ತೆ, ಒತ್ತಡ ಮೀರಿದರೆ ಒಡೆದುಕೊಳ್ಳುವ ತೆಳು ಲೋಹದ ಬಿಲ್ಲೆ. ವ್ಯತ್ಯಾಸ ಒಂದೇ. ನಿಮಗೆ ಭಯವಾದರೆ ಸ್ಟವ್ ಆರಿಸುತ್ತೀರಿ. ಮೈನಸ್ 183 ಡಿಗ್ರಿಯ ದ್ರವಕ್ಕೆ ಸುತ್ತಲಿನ ಊರೇ ಸ್ಟವ್. ಅದನ್ನು ಆರಿಸುವುದು ಹೇಗೆ? ಡಿಸೈನ್ ಶುರುವಾಗುವುದು ಅಲ್ಲಿಂದ.

ಪ್ರಶ್ನೆ: ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವ ಕೆಲಸ ನನ್ನದು. ಜೀಪಿನಲ್ಲಿ ಸಾರಜನಕದ ಜಾಡಿ ಒಯ್ಯುತ್ತೇನೆ. ಮುಚ್ಚಳ ಸಡಿಲ, ಸಂಪಾಜೆ ಘಾಟಿಯ ತಿರುವುಗಳಲ್ಲಿ ಕುಲುಕಿ ಹೊಗೆ ಬರುತ್ತೆ, ಸಾರಜನಕ ಬೇಗ ಖಾಲಿ. ರಬ್ಬರ್ ಹಾಕಿ ಬಿಗಿ ಮಾಡಬಹುದಾ? (ಮಡಿಕೇರಿ ತಾಲ್ಲೂಕು)

ಬೇಡ. ಖಂಡಿತ ಬೇಡ. ಆ ಜಾಡಿಗೆ ರಿಲೀಫ್ ವಾಲ್ವ್ ಇಲ್ಲ. ಆ ಸಡಿಲ ಮುಚ್ಚಳವೇ ಅದರ ರಿಲೀಫ್ ವಾಲ್ವ್. ಜಾಡಿಯ ಒಳಗೋಡೆ ಒತ್ತಡ ತಡೆಯಲು ಮಾಡಿದ್ದೇ ಅಲ್ಲ. ದ್ರವ ಸಾರಜನಕ ಕುದಿಯುವುದು ಮೈನಸ್ 196 ಡಿಗ್ರಿಯಲ್ಲಿ, ಒಂದು ಲೀಟರ್ ಹೆಚ್ಚುಕಮ್ಮಿ 700 ಲೀಟರ್ ಅನಿಲ ಆಗುತ್ತೆ. ಬಿಗಿ ಮಾಡಿದ ಜಾಡಿ ನಿಮ್ಮ ಸೀಟಿನ ಹಿಂದೆ ಇರುತ್ತೆ ಅನ್ನುವುದು ನೆನಪಿರಲಿ.

ಅಮೆರಿಕದ ಟೆಕ್ಸಾಸ್‌ನಲ್ಲಿ ಒಂದು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ 2006ರ ಜನವರಿಯಲ್ಲಿ ಹೀಗೇ ಆಯಿತು. ಅದು ಹಳೇ ಸಾರಜನಕ ಸಿಲಿಂಡರ್. ಅದರ ರಿಲೀಫ್ ವಾಲ್ವ್ ಮತ್ತು ಬರ್ಸ್ಟಿಂಗ್ ಡಿಸ್ಕ್ ಎರಡನ್ನೂ ಯಾರೋ ಯಾವಾಗಲೋ ತೆಗೆದು ಹಿತ್ತಾಳೆಯ ಪ್ಲಗ್ ಹಾಕಿಬಿಟ್ಟಿದ್ದರು. ಒಂದು ರಾತ್ರಿ ತಳ ಕಿತ್ತುಕೊಂಡು ಸಿಲಿಂಡರ್ ಕಾಂಕ್ರೀಟ್ ಛಾವಣಿ ತೂರಿ ಮೇಲೆ ಹೋಯಿತು. ಹೊತ್ತಲ್ಲದ ಹೊತ್ತಾದ್ದರಿಂದ ಒಳಗೆ ಯಾರೂ ಇರಲಿಲ್ಲ. ಸೋರುತ್ತೆ ಅಂತ ಪ್ಲಗ್ ಹಾಕುವವರು ಎಲ್ಲ ಊರಲ್ಲೂ ಇದ್ದಾರೆ.

ನಿಮ್ಮ ಜಾಡಿ ನಿಜವಾಗಿಯೂ ಬೇಗ ಖಾಲಿಯಾಗುತ್ತಿದ್ದರೆ ಹೊರಮೈ ನೋಡಿ. ಬೆವರಿದ್ದರೆ, ಕತ್ತಿನ ಸುತ್ತ ಹಿಮ ಕಟ್ಟಿದ್ದರೆ ಗೋಡೆಗಳ ನಡುವಿನ ವ್ಯಾಕ್ಯೂಮ್ ಹೋಗಿದೆ. ಬೇರೆ ಜಾಡಿ ಕೇಳಿ. ಇಲ್ಲದಿದ್ದರೆ ಕುಲುಕದ ಹಾಗೆ ನೆಟ್ಟಗೆ ನಿಲ್ಲಿಸಿ ಬೆಲ್ಟ್ ಕಟ್ಟಿದರೆ ಸಾಕು. ಮಳೆ ಅಂತ ಜೀಪಿನ ಗಾಜು ಪೂರ್ತಿ ಏರಿಸಬೇಡಿ. ಸಾರಜನಕಕ್ಕೆ ವಾಸನೆ ಇಲ್ಲ, ಉಸಿರಾಡುವ ಗಾಳಿ ಕಡಿಮೆಯಾಗಿದ್ದು ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ಕ್ರಯೋಜೆನಿಕ್ (ಅತಿ ತಣ್ಣನೆ ದ್ರವದ) ಟ್ಯಾಂಕ್‌ಗೆ ರಿಲೀಫ್ ವಾಲ್ವ್ ಎಷ್ಟು ದೊಡ್ಡದಿರಬೇಕು ಅಂತ ಹೇಗೆ ತೀರ್ಮಾನ ಮಾಡುತ್ತಾರೆ? ಪುಸ್ತಕದ ಸೂತ್ರ ಇದೆ, ಅದಕ್ಕೆ ಯಾವ ಅಂಕಿ ಹಾಕಬೇಕು ಅಂತ ಗೊತ್ತಾಗಲ್ಲ. (ಮೆಕ್ಯಾನಿಕಲ್ ವಿದ್ಯಾರ್ಥಿ, ಪೊನ್ನಂಪೇಟೆ)

ಒಳ್ಳೆ ಪ್ರಶ್ನೆ ಕೇಳಿದಿರಿ. ಸೂತ್ರ ಯಾರು ಬೇಕಾದರೂ ಹಾಕುತ್ತಾರೆ. ಅಂಕಿಯಲ್ಲೇ ಇರುವುದು ಎಲ್ಲ.

ದಿನನಿತ್ಯದ ಶಾಖಕ್ಕೆ ಲೆಕ್ಕ ಹಾಕಿದರೆ ಸೊಳ್ಳೆ ಗಾತ್ರದ ವಾಲ್ವ್ ಸಾಕು. ಲೆಕ್ಕ ಹಾಕಬೇಕಾದ್ದು ಕೆಟ್ಟ ದಿನಕ್ಕೆ. ದ್ರವ ಹೀಲಿಯಂ ತಗೊಳ್ಳಿ, ಮೈನಸ್ 269 ಡಿಗ್ರಿ. ಪಾತ್ರೆಯ ಮೇಲ್ಮೈ 2 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಎಲ್ಲ ಸರಿ ಇದ್ದಾಗ ಒಳಗೆ ಹೋಗುವ ಶಾಖ ಒಂದು ವ್ಯಾಟ್. ಒಂದು ಕಿಲೋ ಹೀಲಿಯಂ ಆವಿಯಾಗಲು ಸುಮಾರು 21 ಕಿಲೋಜೂಲ್ ಸಾಕು, ಅಂದರೆ ಸೆಕೆಂಡಿಗೆ 0.05 ಗ್ರಾಂ ಅನಿಲ. ಈಗ ಹೊರಚಿಪ್ಪು ಬಿರುಕು ಬಿಟ್ಟು ಗಾಳಿ ನುಗ್ಗಿತು ಅನ್ನಿ. ಆ ಗಾಳಿ ಒಳಪಾತ್ರೆಯ ತಣ್ಣನೆ ಮೈಮೇಲೆ ಹೆಪ್ಪುಗಟ್ಟುತ್ತೆ, ಹೆಪ್ಪುಗಟ್ಟುವಾಗ ತನ್ನ ಶಾಖವನ್ನೆಲ್ಲ ಅಲ್ಲೇ ಸುರಿಯುತ್ತೆ. ಪ್ರಯೋಗ ಮಾಡಿ ಅಳೆದವರ ಅಂಕಿ ಇದೆ: ಹೊಳೆಯುವ ಹಾಳೆಗಳ ಪದರ ಸುತ್ತಿದ್ದರೆ ಚದರ ಮೀಟರಿಗೆ ಸುಮಾರು 6 ಕಿಲೋವ್ಯಾಟ್, ಬರೀ ಲೋಹವಾದರೆ 38 ಕಿಲೋವ್ಯಾಟ್. ನಮ್ಮ ಪಾತ್ರೆಗೆ ಪದರ ಇದ್ದರೆ 12 ಕಿಲೋವ್ಯಾಟ್, ಸೆಕೆಂಡಿಗೆ 0.57 ಕಿಲೋ ಹೀಲಿಯಂ. ಪದರ ಇಲ್ಲದಿದ್ದರೆ 3.6 ಕಿಲೋ. ಸಾಮಾನ್ಯ ದಿನಕ್ಕೂ ಕೆಟ್ಟ ದಿನಕ್ಕೂ ಪದರ ಇದ್ದೂ 12,000 ಪಟ್ಟು ವ್ಯತ್ಯಾಸ. ಒಂದು ಎಚ್ಚರಿಕೆ: ವಾಲ್ವ್ ತೆರೆಯುವ ಒತ್ತಡದಲ್ಲಿ ಈ 21 ಬದಲಾಗುತ್ತೆ. 2.27 ಬಾರ್ ದಾಟಿದರೆ ಹೀಲಿಯಂಗೆ ಕುದಿಯುವುದು ಅನ್ನುವುದೇ ಇಲ್ಲ, ಬೇರೆ ಲೆಕ್ಕ. ಐಎಸ್‌ಒ 21013 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಮೂರನೇ ಭಾಗ ಈ ಗಾತ್ರದ ಲೆಕ್ಕಕ್ಕೇ ಇರುವುದು. ಲೈಬ್ರರಿಯಲ್ಲಿ ಕೇಳಿ ನೋಡಿ.

ಕೆಟ್ಟ ದಿನವನ್ನು ಸಣ್ಣದಾಗಿ ಊಹಿಸಿದರೆ ಏನಾಗುತ್ತೆ ಅನ್ನುವುದಕ್ಕೆ ಜಿನೀವಾ ಬಳಿಯ ಸರ್ನ್ ಅನ್ನುವ ಭೌತವಿಜ್ಞಾನದ ಪ್ರಯೋಗಾಲಯ ಇದೆ. ಅಲ್ಲಿನ ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ಶುರುವಾಗಿ ಒಂಬತ್ತೇ ದಿನ, 2008ರ ಸೆಪ್ಟೆಂಬರ್ 19. ಎರಡು ಅಯಸ್ಕಾಂತಗಳ ನಡುವಿನ ವಿದ್ಯುತ್ ಜೋಡಣೆ ಸರಿಯಿರಲಿಲ್ಲ. ಅಲ್ಲಿ ಕಿಡಿ ಹಾರಿ ಹೀಲಿಯಂ ಕೊಳವೆ ತೂತಾಯಿತು, ಹೀಲಿಯಂ ವ್ಯಾಕ್ಯೂಮ್ ಚಿಪ್ಪಿನೊಳಗೆ ನುಗ್ಗಿತು. ಆ ಚಿಪ್ಪಿಗೆ ರಿಲೀಫ್ ಇರಲಿಲ್ಲ ಅಂತಲ್ಲ. ಇತ್ತು. ಸೆಕೆಂಡಿಗೆ 2 ಕಿಲೋ ಹೀಲಿಯಂಗೆ ಲೆಕ್ಕ ಹಾಕಿ ಇಟ್ಟಿದ್ದರು. ಬಂದದ್ದು ಸುಮಾರು 20 ಕಿಲೋ. ಟನ್‌ಗಟ್ಟಲೆ ತೂಕದ ಅಯಸ್ಕಾಂತಗಳು ಬುಡ ಕಿತ್ತು ಸರಿದವು. ಒಟ್ಟು 6 ಟನ್ ಹೀಲಿಯಂ ಹೋಯಿತು, 53 ಅಯಸ್ಕಾಂತಗಳನ್ನು ಸುರಂಗದಿಂದ ಮೇಲೆ ತರಬೇಕಾಯಿತು. ಯಂತ್ರ ಮತ್ತೆ ಓಡಿದ್ದು 2009ರ ನವೆಂಬರಿನಲ್ಲಿ. ಆಮೇಲೆ 200 ಮಿಲಿಮೀಟರ್ ಅಗಲದ ರಿಲೀಫ್ ದಾರಿಗಳನ್ನು ಕೂರಿಸಿದರು. ಅಲ್ಲಿ ವಾಲ್ವ್ ತಪ್ಪು ಮಾಡಲಿಲ್ಲ. ವಾಲ್ವಿಗೆ ಹೇಳಿದ ಕಥೆ ಸಣ್ಣದಾಗಿತ್ತು.

ಹಾಗಂತ ಸುಮ್ನೆ ದೊಡ್ಡ ವಾಲ್ವ್ ಹಾಕಿಬಿಡೋಣ ಅನ್ನಬೇಡಿ. ದಿನದ ಸಣ್ಣ ಆವಿಗೆ ದೊಡ್ಡ ವಾಲ್ವ್ ತೆರೆದರೆ ಒತ್ತಡ ದಡಕ್ಕನೆ ಬೀಳುತ್ತೆ, ಮುಚ್ಚುತ್ತೆ, ಮತ್ತೆ ತೆರೆಯುತ್ತೆ. ಟಕಟಕಟಕ. ಆ ಬಡಿತಕ್ಕೆ ಸೀಟ್ ಹಾಳು. ಅದಕ್ಕೇ ದಿನದ ಕೆಲಸಕ್ಕೆ ಸಣ್ಣ ವಾಲ್ವ್, ಕೆಟ್ಟ ದಿನಕ್ಕೆ ಅದಕ್ಕಿಂತ ಮೇಲಿನ ಒತ್ತಡಕ್ಕೆ ಹರಿಯುವ ಬರ್ಸ್ಟಿಂಗ್ ಡಿಸ್ಕ್, ಎರಡನ್ನೂ ಇಡುವುದು.

ಇನ್ನೊಂದು ಜಗಳ ಇದೆ, ನನಗೆ ಇಷ್ಟವಾದ ಜಗಳ. ವಾಲ್ವ್ ಬೆಚ್ಚಗಿರಬೇಕು. ತಣ್ಣಗಾದರೆ ಹಿಮ ಕಟ್ಟಿ ಸಿಕ್ಕಿಕೊಳ್ಳುತ್ತೆ. ಅದಕ್ಕೆ ಟ್ಯಾಂಕಿನಿಂದ ಉದ್ದದ ಕೊಳವೆ ತಂದು ಅದರ ತುದಿಯಲ್ಲಿ ಕೂರಿಸುತ್ತೇವೆ. ಆದರೆ ಕೊಳವೆ ಉದ್ದವಾದಷ್ಟೂ ಹರಿಯುವಾಗ ಒತ್ತಡ ದಾರಿಯಲ್ಲೇ ಕಳೆದುಹೋಗುತ್ತೆ. ಈ ನಷ್ಟ ಸೆಟ್ ಪ್ರೆಶರಿನ, ಅಂದರೆ ವಾಲ್ವ್ ತೆರೆಯಲು ಗೊತ್ತು ಮಾಡಿದ ಒತ್ತಡದ, ಶೇಕಡ 3 ಮೀರಬಾರದು ಅನ್ನುವುದು ರೂಢಿಯ ನಿಯಮ. 10 ಬಾರ್ ವಾಲ್ವಿಗೆ 0.3 ಬಾರ್ ಅಷ್ಟೆ. ಮೀರಿದರೆ ಮತ್ತೆ ಅದೇ ಟಕಟಕ. ಹೀಲಿಯಂ ಆದರೆ ಇನ್ನೊಂದು ಕಾಟ. ಒಂದು ತುದಿ ತಣ್ಣನೆ ಹೀಲಿಯಂನಲ್ಲಿ ತೆರೆದು, ಇನ್ನೊಂದು ತುದಿ ಬೆಚ್ಚಗೆ ಮುಚ್ಚಿದ ಕೊಳವೆ ತಾನಾಗಿಯೇ ಗುಂಯ್‌ಗುಡಲು ಶುರುಮಾಡುತ್ತೆ. ಡಚ್ ವಿಜ್ಞಾನಿ ಟಕೋನಿಸ್ ಅವರ ಹೆಸರು ಇದಕ್ಕಿದೆ. ಆ ಗುಂಯ್‌ಗುಟ್ಟುವಿಕೆ ಹೊರಗಿನ ಬಿಸಿಯನ್ನು ಒಳಗೆ ಪಂಪ್ ಮಾಡುತ್ತೆ. ಮುಚ್ಚಿಕೊಂಡು ಸುಮ್ಮನೆ ಕೂತ ರಿಲೀಫ್ ವಾಲ್ವಿನ ಕೊಳವೆಯೇ ಟ್ಯಾಂಕಿಗೆ ಬಿಸಿ ತುಂಬುವುದು! ಕೊಳವೆಯ ಉದ್ದ, ಅಗಲ ಎರಡನ್ನೂ ಹಿಡಿದು ಎಳೆದಾಡಿಯೇ ಇದಕ್ಕೊಂದು ರಾಜಿ ಮಾಡಬೇಕು.

ಕೊನೆಗೆ ಒಂದು ಮಾತು. ಟ್ಯಾಂಕ್ ನೋಡಿ ಪೈಪನ್ನು ಮರೆಯಬೇಡಿ. ಎರಡು ವಾಲ್ವ್‌ಗಳ ನಡುವೆ ದ್ರವ ಸಿಕ್ಕಿಹಾಕಿಕೊಳ್ಳಬಹುದಾದ ಪ್ರತಿ ತುಂಡು ಪೈಪಿಗೂ ಅದರದ್ದೇ ರಿಲೀಫ್ ಬೇಕು. ಡ್ರಾಯಿಂಗ್ ಮೇಲೆ ಬಣ್ಣದ ಪೆನ್ಸಿಲ್ ಹಿಡಿದು ಎಲ್ಲ ವಾಲ್ವ್‌ಗಳನ್ನೂ ಮುಚ್ಚಿದ ಹಾಗೆ ಗುರುತು ಮಾಡಿ. ಯಾವ ತುಂಡಿಗೆ ರಿಲೀಫ್ ಇಲ್ಲ ಅಂತ ಕಾಣುತ್ತೆ.

ಪ್ರಶ್ನೆ: ಐಟಿಐ ಮುಗಿಸಿ ವಾಲ್ವ್ ಶಾಪಿನಲ್ಲಿದ್ದೇನೆ. ಬೆಂಚಿನ ಮೇಲೆ ಕರೆಕ್ಟಾಗಿ ಪಾಪ್ ಆದ (ತೆರೆದುಕೊಂಡ) ವಾಲ್ವ್ ಸೈಟಿನಲ್ಲಿ ತಣ್ಣಗಾದಾಗ ಸೋರುತ್ತೆ ಅಂತ ವಾಪಸ್ ಬರುತ್ತೆ. ಎಲ್ಲಿ ತಪ್ಪು? (ಕುಶಾಲನಗರದವರು, ಈಗ ಬೆಂಗಳೂರು)

ನಿಮ್ಮ ಬೆಂಚ್ ಬೆಚ್ಚಗಿದೆ, ಅದೇ ತಪ್ಪು. ಕೋಣೆಯ ಬಿಸಿಯಲ್ಲಿ ಮಾಡಿದ ಟೆಸ್ಟ್ ಕೋಣೆಯ ಬಿಸಿಯ ವಾಲ್ವಿಗೆ ಮಾತ್ರ ಉತ್ತರ.

ಕೋಣೆಯಿಂದ ಮೈನಸ್ 196ಕ್ಕೆ ಇಳಿದರೆ ಸ್ಟೇನ್‌ಲೆಸ್ ಸ್ಟೀಲ್ ಸುಮಾರು ಶೇಕಡ 0.3ರಷ್ಟು ಕುಗ್ಗುತ್ತೆ. ಟೆಫ್ಲಾನ್ ಶೇಕಡ 2ರಷ್ಟು. ಅಂದರೆ 20 ಮಿಲಿಮೀಟರ್ ಸೀಟಿನಲ್ಲಿ ಸ್ಟೀಲ್ 0.06 ಮಿಲಿಮೀಟರ್ ಕುಗ್ಗಿದರೆ ಟೆಫ್ಲಾನ್ 0.4 ಮಿಲಿಮೀಟರ್. ಬೆಚ್ಚಗಿದ್ದಾಗ ಮೆತ್ತಗೆ ಒತ್ತಿಕೊಂಡಿದ್ದ ಸೀಟ್ ತಣ್ಣಗಾದಾಗ ಗಟ್ಟಿಯಾಗಿ, ತನ್ನ ಗೂಡಿನಲ್ಲೇ ಸಡಿಲವಾಗುತ್ತೆ. ಸ್ಪ್ರಿಂಗ್ ಕೂಡ ತಣ್ಣಗಾದರೆ ಸ್ವಲ್ಪ ಬಿರುಸಾಗಿ ತೆರೆಯುವ ಒತ್ತಡ ಮೇಲೆ ಸರಿಯುತ್ತೆ. ಕಾರ್ಬನ್ ಸ್ಟೀಲ್ ಭಾಗ ಎಲ್ಲಾದರೂ ನುಸುಳಿದ್ದರೆ ಮಾತೇ ಬೇಡ, ಆ ತಂಪಿಗೆ ಅದು ಗಾಜಿನ ಹಾಗೆ ಒಡೆಯುತ್ತೆ.

ನಾವು ಮಾಡುತ್ತಿದ್ದ ಕ್ರಮ ಹೇಳುತ್ತೇನೆ. ಮೊದಲು ಕೋಣೆಯ ಬಿಸಿಯಲ್ಲಿ ಒಣ ಸಾರಜನಕದಿಂದ ಸೆಟ್ ಪ್ರೆಶರ್ ನೋಡುವುದು. ಆಮೇಲೆ ಸೀಟ್ ಸೋರಿಕೆ: ಹೊರದಾರಿ ಮುಚ್ಚಿ ಅದರಿಂದ ಒಂದು ಸಣ್ಣ ಟ್ಯೂಬ್ ತೆಗೆದು ತುದಿಯನ್ನು ನೀರಿನೊಳಗೆ 12.7 ಮಿಲಿಮೀಟರ್ ಮುಳುಗಿಸಬೇಕು. ಸೆಟ್ ಪ್ರೆಶರಿನ ಶೇಕಡ 90ಕ್ಕೆ ಒತ್ತಡ ನಿಲ್ಲಿಸಿ ಗುಳ್ಳೆ ಎಣಿಸಬೇಕು. ಎಪಿಐ 527 ಅನ್ನುವ ಅಮೆರಿಕದ ಮಾನದಂಡದ ಪ್ರಕಾರ ಲೋಹದ ಸೀಟಿನ ಸಣ್ಣ ವಾಲ್ವ್ ನಿಮಿಷಕ್ಕೆ 40 ಗುಳ್ಳೆ ಬಿಡಬಹುದು. ಮೆತ್ತನೆ ಸೀಟ್ ಆದರೆ ಒಂದೂ ಬಿಡಬಾರದು. ಗುಳ್ಳೆ ಎಣಿಸುವ ಹುಡುಗನ ಮುಂದೆ ಯಾರೂ ಮೊಬೈಲ್ ಹಿಡಿದು ನಿಲ್ಲಬಾರದು ಅಂತ ನಾನು ಬೋರ್ಡ್ ಹಾಕಿಸಿದ್ದೆ.

ಮುಂದಿನದು ತಂಪಿನ ಸ್ನಾನ. ವಾಲ್ವಿನ ಒಳಗೆ ಒಣ ಅನಿಲ ಹಾಯಿಸಿ ತೇವ ಪೂರ್ತಿ ಹೋದ ಮೇಲೆ ದ್ರವ ಸಾರಜನಕದಲ್ಲಿ ನಿಧಾನವಾಗಿ ಇಳಿಸಬೇಕು. ಮೊದಲು ಕೊತಕೊತ ಕುದಿಯುತ್ತೆ. ಲೋಹ ಇನ್ನೂ ಬಿಸಿ ಇರುವ ತನಕ ಅದರ ಮೈಗೆ ಆವಿಯ ಪೊರೆ ಅಂಟಿಕೊಂಡಿರುತ್ತೆ, ದ್ರವ ನೇರ ತಾಗುವುದಿಲ್ಲ. ಕೊನೆ ಹಂತದಲ್ಲಿ ಆ ಪೊರೆ ಹರಿದು ಒಮ್ಮೆಲೇ ಭುಸ್ ಅಂತ ಎಗರುತ್ತೆ, ಆಮೇಲೆ ತಟ್ಟನೆ ಶಾಂತ. ಹೊಸಬರು ಕುದಿ ಕಡಿಮೆಯಾಯಿತು ಅಂತ ಬಗ್ಗಿ ನೋಡುವುದು ಸರಿಯಾಗಿ ಆ ಎಗರುವ ಹೊತ್ತಿಗೆ. ಮುಖಕ್ಕೆ ಶೀಲ್ಡ್ ಇರಲಿ. ಶಾಂತವಾದ ಮೇಲೂ ಕಾಯಿರಿ. ಹೊರಮೈ ತಣ್ಣಗಾದರೂ ಒಳಗಿನ ಸ್ಪ್ರಿಂಗ್ ಇನ್ನೂ ಆಗಿರುವುದಿಲ್ಲ. ಉಷ್ಣತೆ ಅಳೆಯುವ ಥರ್ಮೋಕಪಲ್ ಹೇಳುವುದನ್ನು ನಂಬಿ, ಗಡಿಯಾರವನ್ನಲ್ಲ.

ಈಗ ಒತ್ತಡ ಕೊಡುವ ಅನಿಲ ಹೀಲಿಯಂ ಆಗಿರಬೇಕು. ಕೆಲವು ಶಾಪಿನವರು ಖರ್ಚು ಉಳಿಸಲು ಇಲ್ಲೂ ಸಾರಜನಕ ಕೊಡುತ್ತಾರೆ. ಮೈನಸ್ 196ರಲ್ಲಿ ಒತ್ತಡದ ಸಾರಜನಕ ವಾಲ್ವಿನೊಳಗೇ ದ್ರವವಾಗಿಬಿಡುತ್ತೆ. ಆಮೇಲೆ ನೀವು ಎಣಿಸುವ ಗುಳ್ಳೆಗೆ ಅರ್ಥವೇ ಇಲ್ಲ. ಹೀಲಿಯಂ ಸಣ್ಣ ಸಂದಿಯಲ್ಲೂ ತೂರುತ್ತೆ, ಸುಳ್ಳು ಹೇಳಲು ಬಿಡುವುದಿಲ್ಲ. ಒತ್ತಡ ನಿಧಾನವಾಗಿ ಏರಿಸಿ, ಪಾಪ್ ಆಗಲಿ, ಎಲ್ಲಿಗೆ ಇಳಿದಾಗ ಮುಚ್ಚಿತು ಬರೆದುಕೊಳ್ಳಿ, ಮತ್ತೆ ಸೋರಿಕೆ ನೋಡಿ. ಇದೇ ಕ್ರಮವನ್ನು ತಣ್ಣಗಿರುವಾಗಲೇ ಹಲವು ಸಲ ಮಾಡಿ. ಮೊದಲ ಪಾಪ್ ಎಲ್ಲರದ್ದೂ ಚೆನ್ನಾಗಿರುತ್ತೆ. ವಾಲ್ವಿನ ಗುಣ ಗೊತ್ತಾಗುವುದು ತೆರೆದ ಮೇಲೆ ಹೇಗೆ ಮುಚ್ಚುತ್ತೆ ಅನ್ನುವುದರಲ್ಲಿ. ಕೊನೆಗೆ ಬೆಚ್ಚಗೆ ಮಾಡಿ, ಬಿಚ್ಚಿ, ಸೀಟನ್ನು ಭೂತಗನ್ನಡಿಯಲ್ಲಿ ನೋಡಿ.

ಮುಚ್ಚುವುದಕ್ಕೆ ಇಷ್ಟೊಂದು ಯಾಕೆ ಒತ್ತು ಅಂತೀರಾ? 2021ರ ಆಗಸ್ಟ್ 12ರ ಬೆಳಗಿನ ಜಾವ ಶ್ರೀಹರಿಕೋಟಾದಿಂದ ಹೋದ ಜಿಎಸ್‌ಎಲ್‌ವಿ ಎಫ್10 ನೆನಪಿದೆಯಾ? ಇಒಎಸ್-03 ಉಪಗ್ರಹ ಅದರಲ್ಲಿತ್ತು. ಕೆಳಗಿನ ಎರಡು ಹಂತ ಚೆನ್ನಾಗಿ ಉರಿದವು, ಕ್ರಯೋಜೆನಿಕ್ ಎಂಜಿನ್ ಮಾತ್ರ ಸರಿಯಾಗಿ ಹತ್ತಲಿಲ್ಲ. ಕಾರಣ ಹುಡುಕಿದ ಸಮಿತಿ ಬೊಟ್ಟು ಮಾಡಿದ್ದು ದ್ರವ ಹೈಡ್ರೋಜನ್ ಟ್ಯಾಂಕಿನ ವೆಂಟ್ ಅಂಡ್ ರಿಲೀಫ್ ವಾಲ್ವಿನ ಸೋರಿಕೆಯ ಕಡೆಗೆ. ಅದರ ಮೆತ್ತನೆ ಸೀಲ್ ಹಾಳಾಗಿರಬಹುದು. ವಾಲ್ವ್ ಕೆಲಸ ಮಾಡುವಾಗಲೋ, ಕಸ ಸೇರಿಯೋ, ತಂಪಿಗೆ ಜೋಡಣೆ ಎಳೆದುಕೊಂಡೋ. ಟ್ಯಾಂಕಿನಲ್ಲಿ ಒತ್ತಡ ಸಾಲದೆ ಎಂಜಿನ್‌ಗೆ ಇಂಧನ ದೂಡುವ ಪಂಪ್ ಎಡವಿತು. ಒತ್ತಡ ಜಾಸ್ತಿಯಾಗಿ ಅಲ್ಲ, ಕಡಿಮೆಯಾಗಿ ರಾಕೆಟ್ ಹೋಯಿತು. ಸೀಲುಗಳನ್ನು ಗಟ್ಟಿ ಮಾಡಿಕೊಂಡು ಮುಂದಿನ ಎಫ್12 2023ರ ಮೇ 29ರಂದು ಸರಿಯಾಗಿ ಹೋಯಿತು. ನಿಮ್ಮ ವಾಪಸ್ ಬಂದ ವಾಲ್ವ್ ಹಿಡಿದು ಯಜಮಾನರ ಹತ್ತಿರ ಹೋಗುವಾಗ ಈ ಉದಾಹರಣೆ ತಗೊಂಡು ಹೋಗಿ. ಹೀಲಿಯಂ ಸಿಲಿಂಡರ್ ಖರ್ಚಿಗೆ ಬೇಗ ಸಹಿ ಹಾಕುತ್ತಾರೆ.

ಪ್ರಶ್ನೆ: ಟ್ಯಾಂಕಿನ ರಿಲೀಫ್ ವಾಲ್ವಿನ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿದೆ. ಕಡ್ಡಿ ಹಾಕಿ ತೆಗೆಯಲಾ? (ಆಸ್ಪತ್ರೆಯ ಮೇಂಟೆನೆನ್ಸ್ ಸಿಬ್ಬಂದಿ, ಸೋಮವಾರಪೇಟೆ)

ಕಡ್ಡಿ ಹಾಕಬೇಡಿ. ಕೆರೆದ ಮಣ್ಣು ನೇರ ವಾಲ್ವಿನ ಮೇಲೆ ಬೀಳುತ್ತೆ. ಮುಂದಿನ ಸಲ ತೆರೆದಾಗ ಅದು ಸೀಟಿನ ಮಧ್ಯೆ ಸಿಕ್ಕಿ ವಾಲ್ವ್ ಮುಚ್ಚುವುದೇ ಇಲ್ಲ. ಇಂಥ ಟ್ಯಾಂಕುಗಳಲ್ಲಿ ಸಾಮಾನ್ಯವಾಗಿ ಎರಡು ರಿಲೀಫ್ ವಾಲ್ವ್, ನಡುವೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿಸುವ ವಾಲ್ವ್ ಇರುತ್ತೆ. ಎರಡನ್ನೂ ಒಟ್ಟಿಗೆ ಮುಚ್ಚಲು ಆಗದ ಹಾಗೆ ಅದನ್ನು ಮಾಡಿರುತ್ತಾರೆ. ಕಂಪನಿಯ ಟೆಕ್ನಿಷಿಯನ್ ಬಂದು ಕೆಲಸವನ್ನು ಇನ್ನೊಂದಕ್ಕೆ ಒಪ್ಪಿಸಿ, ಗೂಡು ಕಟ್ಟಿದ್ದನ್ನು ಬಿಚ್ಚಿ, ತೊಳೆದು, ಟೆಸ್ಟ್ ಮಾಡಿ ಹಾಕಲಿ. ಎರಡರ ಬಾಯಿಗೂ ಗೂಡು ಕಟ್ಟಿದ್ದರೆ ಇವತ್ತೇ ಫೋನ್ ಮಾಡಿ.

ಹೊರದಾರಿಯ ಪೈಪ್ ಆಕಾಶ ನೋಡುತ್ತಿದ್ದರೆ ಅದನ್ನೂ ಬದಲಿಸಲು ಹೇಳಿ. ನಿಮ್ಮೂರಿನ ಮಳೆ ಅದರೊಳಗೆ ನಿಂತರೆ ತಣ್ಣನೆ ಅನಿಲ ಬಂದಾಗ ಐಸಿನ ಬಿರಡೆ ಆಗುತ್ತೆ. ಬಾಯಿ ಕೆಳಗೆ ಬಾಗಿರಲಿ, ಆದರೆ ಕಿಟಕಿ, ಬಾಗಿಲು, ಜನ ನಡೆಯುವ ದಾರಿಯ ಕಡೆ ಅಲ್ಲ. ಪೈಪಿನ ತಗ್ಗಿನಲ್ಲಿ ನೀರು ಸೋರಿಹೋಗಲು ಸಣ್ಣ ತೂತು ಬೇಕು. ಬಾಯಿಗೆ ಹಗುರವಾದ ಪ್ಲಾಸ್ಟಿಕ್ ಟೋಪಿ ಹಾಕಿಸಿ, ವಾಲ್ವ್ ತೆರೆದರೆ ಹಾರಿಹೋಗುವಂಥದ್ದು. ಸಣ್ಣ ಕಣ್ಣಿನ ಜಾಲರಿ ಬೇಡ, ಅದರ ಮೇಲೆ ಹಿಮ ಕಟ್ಟುತ್ತೆ. ಈ ಕೆಲಸವನ್ನೆಲ್ಲ ಏಪ್ರಿಲ್ ಒಳಗೆ ಮುಗಿಸಿಕೊಳ್ಳಿ. ಟೋಪಿ ನೆಲದ ಮೇಲೆ ಬಿದ್ದಿದ್ದರೆ ವಾಲ್ವ್ ತೆರೆದಿತ್ತು ಅಂತ ಲೆಕ್ಕ. ಪುಸ್ತಕದಲ್ಲಿ ತಾರೀಕು ಬರೆದು ಹೊಸ ಟೋಪಿ ಹಾಕಿ.